ಕವಳಿ ಹೂವಿನ ಅಂಗಳ

ಆ ಊರಿನಲ್ಲಿ ಮಾತಾಡಬೇಕಾದರೆ ಅಂಗಳದಲ್ಲಿ ಪರಿಮಳ ಇರಬೇಕಿತ್ತು.

ಊರು ಕಟ್ಟಿದವಳು ಒಬ್ಬ ಮುದುಕಿಯಂತೆ. ಅವಳ ಕಾಲದಲ್ಲಿ ಜನಕ್ಕೆ ಮಾತೇ ಕೆಲಸವಾಗಿತ್ತು. ಮಾತಿಗೆ ಮಾತು ಬೆಳೆದು, ಕೈಗೆ ಕೈ ಹತ್ತಿ, ಒಂದೇ ಕೊಳದ ನೀರು ಕುಡಿಯುವವರು ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿತ್ತು. ಆಗ ಆ ಮುದುಕಿ ಕಟ್ಟೆಯ ಮೇಲೆ ಕೂತು ಹೇಳಿದಳು: "ಗಾಳಿಗೆ ಏನಾದರೂ ಕೊಟ್ಟವರು ಗಾಳಿಯಲ್ಲಿ ಮಾತಾಡಲಿ." ಅಂದಿನಿಂದ ಅದೇ ಕಟ್ಟಳೆ.

ಸಂಜೆಯಾದರೆ ಗಂಧದಯ್ಯ ಬರುತ್ತಿದ್ದ. ಹೊಸ್ತಿಲಲ್ಲಿ ದೀಪ ಇಟ್ಟ ಮನೆಯ ಮುಂದೆ ನಿಲ್ಲುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ಉಸಿರು ಎಳೆದುಕೊಳ್ಳುತ್ತಿದ್ದ. ಅಂಗಳದ ಪರಿಮಳ ಮೂಗಿಗೆ ಮುಟ್ಟಿದರೆ ಬಾಗಿಲ ಚಿಲಕಕ್ಕೆ ಒಂದೆಳೆ ಹಳದಿ ನೂಲು ಕಟ್ಟುತ್ತಿದ್ದ. ನೂಲಿದ್ದ ಮನೆಯವರು ಬೀದಿಯಲ್ಲಿ ಮಾತಾಡಬಹುದು, ಕಟ್ಟೆಯ ಮೇಲೆ ಕೂತು ಊರಿನ ವಿಷಯ ತೀರ್ಮಾನಿಸಬಹುದು. ಅವರು ಕರೆದು ಅಂಗಳಕ್ಕೆ ಬಂದ ಅತಿಥಿಗೂ ಅಷ್ಟು ಹೊತ್ತು ಮಾತು ಉಂಟು. ನೂಲಿಲ್ಲದವರು ತಮ್ಮ ಹೊಸ್ತಿಲ ಒಳಗೆ, ತಮ್ಮವರೊಂದಿಗೆ ಮಾತ್ರ.

ಮೀರಿದವರಿಗೆ ಶಿಕ್ಷೆ ಏನೂ ಇರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ನೂಲಿಲ್ಲದವರು ಹೊಸ್ತಿಲು ದಾಟಿದ ಕೂಡಲೇ ಗಂಟಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಸಂಜೆಗೆ ಎಲೆ ಮುಚ್ಚಿಕೊಂಡ ಹಾಗೆ.

ಮಳೆ ಚೆನ್ನಾಗಿ ಆಗುತ್ತಿದ್ದ ಕಾಲಕ್ಕೆ ಇದು ಒಳ್ಳೆಯ ಕಟ್ಟಳೆಯೇ. ಎಲ್ಲರ ಮನೆಯಲ್ಲೂ ಹೂವಿತ್ತು, ಎಲ್ಲರ ಬಾಯಲ್ಲೂ ಮಾತಿತ್ತು. ಆಮೇಲೆ ಮಳೆ ಕಡಿಮೆಯಾಯಿತು. ಊರು ಇಳಿಜಾರಿನಲ್ಲಿತ್ತು. ಕೆಳಗೆ ಕೊಳದ ಬೀದಿ, ಮೇಲೆ ಕಲ್ಲಿನ ಬೀದಿ. ಕೆಳಗಿನವರ ಮಲ್ಲಿಗೆ ಕೊಳದ ನೀರು ಕುಡಿದು ಬದುಕಿತು. ಮೇಲಿನವರ ಅಂಗಳ ಒಂದೊಂದಾಗಿ ಒಣಗಿತು, ಚಿಲಕದ ನೂಲು ಒಂದೊಂದಾಗಿ ಬಿಚ್ಚಿಹೋಯಿತು. ಮೇಲಿನ ಬೀದಿಯಲ್ಲಿ ಹುಟ್ಟಿದ ಮಕ್ಕಳು ಕೈಯಲ್ಲಿ ಮಾತಾಡಲು ಕಲಿತರು. ಅಂಗೈ ತಿರುಗಿಸಿದರೆ ಬೇಡ, ಎದೆ ಮುಟ್ಟಿಕೊಂಡರೆ ಬೇಕು, ಚಪ್ಪಾಳೆ ತಟ್ಟಿದರೆ ಇತ್ತ ನೋಡು. ಕೈಯ ಮಾತು ಕಟ್ಟೆಯ ಮೇಲೆ ನಡೆಯುತ್ತಿರಲಿಲ್ಲ.

ಮೇಲಿನ ಬೀದಿಯ ತುದಿಮನೆಯಲ್ಲಿ ಸುಣ್ಣದವಳು ಇದ್ದಳು. ಗುಡ್ಡದಿಂದ ಸುಣ್ಣದಕಲ್ಲು ತಂದು ಗೂಡಿನಲ್ಲಿ ಸುಟ್ಟು ಊರಿನ ಗೋಡೆಗಳಿಗೆಲ್ಲ ಸುಣ್ಣ ಬಳಿಯುವುದು ಅವಳ ಮನೆಯ ಕಸುಬು. ಗಂಡ ಗಾಡಿ ಹೊಡೆಯುತ್ತಿದ್ದ, ಅವಳು ಬಳಿಯುತ್ತಿದ್ದಳು, ಅತ್ತೆ ಗೂಡು ಕಾಯುತ್ತಿದ್ದಳು. ಒಂದು ದಿನ ಗಂಡ ಇಳಿಜಾರಿನಲ್ಲಿ ಎತ್ತು ಬಿಚ್ಚಿ, ಗಾಡಿಯ ಗಾಲಿಗೆ ಕಲ್ಲು ಕೊಟ್ಟು, ಎತ್ತುಗಳನ್ನು ನೆರಳಿಗೆ ಕಟ್ಟಿ, ಬೆನ್ನು ಹಾಕಿ ನಿಂತು ಹಗ್ಗ ಸುತ್ತುತ್ತಿದ್ದ. ಗಾಲಿಯ ಕಲ್ಲು ಜಾರಿತು. ಹೊರೆ ತುಂಬಿದ ಗಾಡಿ ತನ್ನಷ್ಟಕ್ಕೆ ಕೆಳಗೆ ಹೊರಟಿತು. ಮೇಲೆ ನಿಂತಿದ್ದ ಸುಣ್ಣದವಳು ಅದನ್ನು ನೋಡಿದಳು. ಬಾಯಿ ತೆರೆದಳು. ದನಿ ಬರಲಿಲ್ಲ. ಚಪ್ಪಾಳೆ ತಟ್ಟಿದಳು. ಗಾಲಿಯ ಸದ್ದಿನಲ್ಲಿ ಚಪ್ಪಾಳೆ ಯಾರಿಗೆ ಕೇಳೀತು? ಗಾಡಿ ಅವನ ಬಲಗಾಲಿನ ಮೇಲೆ ಹಾದು ಹೋಯಿತು.

ಅವನು ಬದುಕಿದ. ಕಾಲು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಮನೆಯೊಳಗೆ ಚಾಪೆಯ ಮೇಲೆ ಮಲಗಿ ಒಂದು ಸಲ, "ನೀನು ಒಂದು ಕೂಗು ಕೂಗಿದ್ದಿದ್ರೆ..." ಅಂದ. ಅಷ್ಟಕ್ಕೇ ನಿಲ್ಲಿಸಿ ಗೋಡೆಯ ಕಡೆ ತಿರುಗಿದ. ಮುಂದೆ ಎಂದೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಸುಣ್ಣದವಳು ಹೂವು ಬೆಳೆಯಬೇಕೆಂದು ತೀರ್ಮಾನಿಸಿದ್ದು ಆಗ.

ಕೊಳದ ಬೀದಿಯ ಮನೆಯೊಂದಕ್ಕೆ ಸುಣ್ಣ ಬಳಿದು, ಕೂಲಿಯ ಬದಲು ಒಂದು ಮಲ್ಲಿಗೆ ಬಳ್ಳಿ ಬೇಕೆಂದು ಎದೆ ಮುಟ್ಟಿ ಕೇಳಿ ತಂದಳು; ಕೂಲಿಗೆ ಬಂದವಳು ಅತಿಥಿಯಲ್ಲ. ಅಂಗಳದಲ್ಲಿ ನೆಟ್ಟಳು. ಬೀದಿಯ ತಲೆಯಲ್ಲಿ ಬಂಡೆಯ ಸಂದಿಯಿಂದ ಜಿನುಗುವ ಒರತೆ ಇತ್ತು, ಮೇಲಿನವರಿಗೆಲ್ಲ ಅದೊಂದೇ ನೀರು. ತನ್ನ ಪಾಲಿನ ನೀರಿನಲ್ಲಿ ಅರ್ಧ ಮಲ್ಲಿಗೆಗೆ ಹಾಕಿದಳು. ಮಲ್ಲಿಗೆ ಕುಡಿಯಿತು, ಇನ್ನೂ ಬೇಕು ಅಂದಿತು. ಬೇಸಿಗೆ ನಡುವಿಗೆ ಬರುವ ಮೊದಲೇ ಬಳ್ಳಿ ಒಣಗಿ ಹುರಿಯಾಯಿತು.

ಅತ್ತೆ ಅದನ್ನು ಕಿತ್ತು ಒಲೆಗೆ ಹಾಕುತ್ತ ಹೇಳಿದಳು: "ಕುಡಿಯೋದೊಂದೇ ಗೊತ್ತಿರೋ ಹೂವನ್ನ ತಂದು ಕಲ್ಲಿನ ಮೇಲೆ ಇಟ್ಟರೆ ಅದೇನು ಮಾಡೀತೇ? ಬಾಯಾರಿಕೆ ಅಂದ್ರೆ ಏನು ಅಂತ ಗೊತ್ತಿರೋದನ್ನ ತಾ."

"ಅಂಥದು ಎಲ್ಲಿದೆ ಅತ್ತೆ?"

"ನನಗೇನು ಗೊತ್ತು. ನೀರಿಲ್ಲದ ಕಡೆ ಹುಡುಕು."

ನೀರಿಲ್ಲದ ಕಡೆ ಅಂದರೆ ಸುಣ್ಣದಕಲ್ಲಿನ ಗುಡ್ಡ. ಅಲ್ಲಿ ಅವಳು ದಿನವೂ ಕಲ್ಲು ಆರಿಸುತ್ತಿದ್ದಳು, ಆದರೆ ಕಣ್ಣು ಯಾವಾಗಲೂ ನೆಲದಲ್ಲಿರುತ್ತಿತ್ತು. ಆ ಬೇಸಿಗೆ ಮೂಗನ್ನು ಮುಂದಿಟ್ಟುಕೊಂಡು ನಡೆದಳು. ಗುಡ್ಡದ ಹಿಂಬದಿಗೆ, ಬಿಸಿಲು ಬಂಡೆಯನ್ನು ಹಂಚಿನ ಹಾಗೆ ಕಾಯಿಸುವ ಜಾಗದಲ್ಲಿ, ಅವಳಿಗೆ ಅದು ಸಿಕ್ಕಿತು. ಕವಳಿ ಗಿಡ. ಹುಡುಗಿಯಾಗಿದ್ದಾಗ ಅದರ ಹುಳಿ ಹಣ್ಣು ತಿಂದು ತುಟಿ ಕೆಂಪು ಮಾಡಿಕೊಂಡಿದ್ದಳು, ಮುಳ್ಳು ಗೀರಿಸಿಕೊಂಡಿದ್ದಳು. ಹೂ ಬಿಟ್ಟದ್ದನ್ನು ಮಾತ್ರ ನಿಂತು ನೋಡಿರಲಿಲ್ಲ. ಮುಳ್ಳಿನ ನಡುವೆ ಗೊಂಚಲು ಗೊಂಚಲು, ತಾನು ಬಳಿಯುವ ಸುಣ್ಣದಷ್ಟು ಬೆಳ್ಳಗೆ, ಚಿಕ್ಕ ಚಿಕ್ಕ ನಕ್ಷತ್ರ. ಬಗ್ಗಿ ಮೂಸಿದಳು. ಮಲ್ಲಿಗೆಯ ಪರಿಮಳವೇ, ಆದರೆ ಬೆನ್ನುಮೂಳೆ ಇರುವ ಪರಿಮಳ. ಬಂಡೆಗೆ ಒರಗಿ ಅಲ್ಲೇ ಕೂತುಬಿಟ್ಟಳು.

ಗಿಡ ಕೀಳಲು ಹೋಗಲಿಲ್ಲ. ಬಂಡೆಯ ಸಂದಿಗೆ ಇಳಿದ ಬೇರು ಕಿತ್ತರೆ ಬರುವುದಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಹೂವು ಕಾಯಾಗುವವರೆಗೆ ಕಾದಳು, ಕಾಯಿ ಕಪ್ಪಗೆ ಹಣ್ಣಾಗುವವರೆಗೆ ಕಾದಳು. ಮೊದಲ ಮಳೆಯ ಹೊತ್ತಿಗೆ ಹಣ್ಣು ಕೊಯ್ದು ತಂದು, ತಿರುಳು ತೊಳೆದು, ಬೀಜ ಒಣಗಲು ಬಿಡದೆ ಅದೇ ದಿನ ಮಣ್ಣಿಗೆ ಹಾಕಿದಳು.

ಮೊಳಕೆಗೆ ಜಾಗ ಮಾಡಿಕೊಟ್ಟವನು ಗಂಡ. ಕುಂಟುಕಾಲು ಚಾಚಿ ನೆಲದ ಮೇಲೆ ಕೂತು ಹಾರೆಯಿಂದ ಸುಣ್ಣದ ನೆಲ ಒಡೆದ. ಟಣ್ ಟಣ್ ಎಂದು ದಿನವಿಡೀ ಒಡೆದ. ಗುಂಡಿಗೆ ಹಳೆಯ ಗೋಡೆಯ ಮಣ್ಣು, ತರಗೆಲೆ, ಕೊಟ್ಟಿಗೆಯ ಗೊಬ್ಬರ ತುಂಬಿದರು. ಬೀದಿಯ ಕಡೆ ಗಿಡ್ಡ ಮುಂಗೋಡೆ ಇತ್ತು, ಅಂಗಳದ ಉಳಿದ ಬದಿಗಳಿಗೆ ಬೇಲಿಯ ಹಾಗೆ ಸಸಿ ನೆಟ್ಟರು. ಮೊದಲ ಬೇಸಿಗೆ ಸಸಿಗಳಿಗೆ ಚೊಂಬು ಚೊಂಬು ನೀರು ಕೊಟ್ಟಳು. ಬಾಗಿಲ ಬಳಿಯದೊಂದು ಅವಳಿಗೆ ಬಲು ಮುದ್ದು, ಅದಕ್ಕೆ ಕದ್ದು ಎರಡು ಚೊಂಬು ಹೆಚ್ಚು. ಅದರ ಬುಡ ಕೊಳೆತು ಅದೇ ಮೊದಲು ಸತ್ತಿತು. ಆಮೇಲೆ ಅವಳು ನೀರಿಗೆ ಕೈ ಬಿಗಿ ಹಿಡಿದಳು. ಎರಡನೆಯ ವರ್ಷ ಆಗೊಮ್ಮೆ ಈಗೊಮ್ಮೆ ನೀರು. ಬುಡದ ಸುತ್ತ ಚಪ್ಪಡಿ ಕಲ್ಲು ಜೋಡಿಸಿದಳು, ಅವುಗಳ ಅಡಿಯಲ್ಲಿ ತೇವ ಉಳಿಯಿತು. ಮೂರನೆಯ ವರ್ಷ ಬೇರು ತನ್ನ ದಾರಿ ತಾನು ನೋಡಿಕೊಂಡಿತ್ತು.

ಬೀದಿಯವರು ಬೇಲಿಯನ್ನು ನೋಡಿ, ಬೆರಳಿನಿಂದ ಬೆರಳು ಚುಚ್ಚಿ ತೋರಿಸಿ ನಗುತ್ತಿದ್ದರು: ಮುಳ್ಳು ಬೆಳೆಸಿದ್ದೀಯ. ಅವಳು ಎದೆ ಮುಟ್ಟಿಕೊಳ್ಳುತ್ತಿದ್ದಳು: ಬೇಕು.

ಪ್ರತಿ ಬೇಸಿಗೆ ಅವಳು ಹೊಸ್ತಿಲಲ್ಲಿ ದೀಪ ಇಡುತ್ತಿದ್ದಳು. ದೀಪವಿಟ್ಟ ಮೇಲೆ ಗಂಧದಯ್ಯ ಬರಲೇಬೇಕು. ಏದುಸಿರು ಬಿಡುತ್ತ ಏರಿ ಬರುತ್ತಿದ್ದ. ನಿಲ್ಲುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಉಸಿರು ಎಳೆದುಕೊಳ್ಳುತ್ತಿದ್ದ. ಕಣ್ಣು ತೆರೆದು ತಲೆಯಾಡಿಸುತ್ತಿದ್ದ. ಮೂರನೆಯ ವರ್ಷ ಅವಳ ಹೊಸ್ತಿಲ ಒಳಗೆ ಬಂದು ನೀರು ಕುಡಿದು ಹೇಳಿದ: "ತಾಯಿ, ಮುಳ್ಳಿಗೆ ನೂಲು ಕಟ್ಟೋಕೆ ಬರೋದಿಲ್ಲ. ಯಾಕೆ ಸುಮ್ಮನೆ ನನ್ನ ಹತ್ತಿಸ್ತೀರಿ?"

ತನ್ನ ಹೊಸ್ತಿಲಲ್ಲೂ ಹೊರಗಿನವನಿಗೆ ಉತ್ತರ ಕೊಡುವ ಹಾಗಿರಲಿಲ್ಲ. ಅತ್ತೆಯ ಕಡೆ ತಿರುಗಿ, ಅವನಿಗೆ ಕೇಳುವಂತೆ ಹೇಳಿದಳು: "ಅತ್ತೆ, ಮುಂದಿನ ವರ್ಷಕ್ಕೂ ದೀಪಕ್ಕೆ ಎಣ್ಣೆ ತೆಗೆದಿಡಿ."

ಮುಂದಿನ ವರ್ಷ ಮಳೆ ಬರಲೇ ಇಲ್ಲ. ಕೊಳ ತಳ ಕಂಡಿತು. ಕಟ್ಟೆಯಲ್ಲಿ ಊರು ಸೇರಿತು. ಕೆಳಗಿನವರು ಕೂತಿದ್ದರು, ಮೇಲಿನವರು ಹಿಂದೆ ನಿಂತಿದ್ದರು. ಕೊಳದ ಬೀದಿಯ ಯಜಮಾನ ಎದ್ದು ಮಾತಾಡಿದ. ಊರಿನಲ್ಲೇ ದೊಡ್ಡ ಮಲ್ಲಿಗೆ ತೋಟ ಅವನದು. ಕೆಟ್ಟವನಲ್ಲ, ಹೆದರಿದ್ದ.

"ಮಲ್ಲಿಗೆ ಹೋದರೆ ನೂಲು ಹೋಯಿತು, ನೂಲು ಹೋದರೆ ಮಾತು ಹೋಯಿತು. ಊರಿಗೆ ಊರೇ ಮೂಕವಾಗಬಾರದು. ಮೇಲಿನ ಒರತೆಗೆ ಕಾಲುವೆ ತೋಡಿ ನೀರನ್ನ ತೋಟಗಳಿಗೆ ಇಳಿಸೋಣ. ಮೇಲಿನವರಿಗೆ ಕುಡಿಯೋಕೆ ಕೊಡದಲ್ಲಿ ಹೊರಿಸಿ ಕಳಿಸೋಣ. ಯಾರದಾದರೂ ಬೇರೆ ಮಾತು ಇದೆಯೋ?"

ಹಿಂದೆ ನಿಂತವರೆಲ್ಲ ಅಂಗೈ ತಿರುಗಿಸಿದರು. ಅಷ್ಟು ಕೈಗಳು ಒಟ್ಟಿಗೆ ತಿರುಗಿದರೂ ಸದ್ದೇನೂ ಆಗಲಿಲ್ಲ. ಬೇರೆ ಮಾತಿಲ್ಲವೆಂದು ಯಜಮಾನ ಕೂತ.

ಮನೆಗೆ ಬಂದ ಸುಣ್ಣದವಳು ಬೇಲಿಯ ಬಳಿ ಬಗ್ಗಿ ನೋಡಿದಳು. ಎಲೆಗಳ ಸಂದಿಯಲ್ಲಿ ಅಕ್ಕಿಕಾಳಿನಂಥ ಮೊಗ್ಗು. ಅವಳು ನೀರು ಹಾಕಲಿಲ್ಲ. ಮುಟ್ಟಲೂ ಇಲ್ಲ. ಒಳಗೆ ಹೋಗಿ ರೊಟ್ಟಿ ತಟ್ಟಿದಳು. ರೊಟ್ಟಿಗಳೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆದವು.

ಊರು ಒಣಗಿದಷ್ಟೂ ಕವಳಿಯ ಮೊಗ್ಗು ಉಬ್ಬಿತು. ಒಂದು ಸಂಜೆ ಒಟ್ಟಿಗೆ ಒಡೆಯಿತು. ದೀಪ ಇಟ್ಟಳು. ಗಂಧದಯ್ಯ ಏರಿ ಬಂದ. ಬೀದಿಯ ತಿರುವಿನಲ್ಲೇ ಅವನ ಕಾಲು ತಡೆಯಿತು. ಅಲ್ಲಿಂದ ಕಣ್ಣು ಮುಚ್ಚಿಕೊಂಡೇ ನಡೆದು ಬಂದ, ಬಾಗಿಲು ತಾನಾಗಿ ಸಿಕ್ಕಿತು. ಬೇಲಿಗೆ ಕೈ ತಾಗಿ ಬೆರಳಿನಲ್ಲಿ ರಕ್ತ ಬಂತು. ಅದೇ ಬೆರಳಿನಿಂದ ನೂಲು ಕಟ್ಟಿದ.

"ಹೋಗಿ ತಾಯಿ, ಬೀದಿಗೆ ಹೋಗಿ. ಮಾತಾಡಿ."

ಸುಣ್ಣದವಳು ಬೀದಿಗೆ ಬಂದಳು. ಏನು ಹೇಳಬೇಕೆಂದು ತೋಚಲಿಲ್ಲ. ಇಳಿಜಾರು ನೋಡಿದಳು. ಬಾಯಿ ತೆರೆದಳು. ಅಷ್ಟು ವರ್ಷ ಒಳಗೇ ನಿಂತಿದ್ದ ಕೂಗು ಹೊರಗೆ ಬಂತು: "ಜರುಗೀ...!"

ಗಂಡ ಕೋಲೂರಿಕೊಂಡು ಬಾಗಿಲು ದಾಟಿ ಬೀದಿಗೆ ಬಂದ. ಅವಳ ಮುಖ ನೋಡಿದ. "ಜರುಗಿದೆ ಮಾರಾಯ್ತಿ, ಜರುಗಿದೆ," ಅಂದ. ಬೀದಿಯಲ್ಲಿ ಅವನೂ ಮಾತಾಡಿದ್ದು ಇಬ್ಬರಿಗೂ ಆಮೇಲೆ ಹೊಳೆಯಿತು. ಅವಳು ಅಳಲು ಶುರುಮಾಡಿದಳು, ಅವನು ನಗಲು ಶುರುಮಾಡಿದ. ಅತ್ತೆ ಒಳಗಿನಿಂದ, "ಅದೇನು ಬೀದಿ ಮಧ್ಯ," ಎಂದು ಗದರಿದಳು, ಮತ್ತೆ ತಾನೂ ಹೊರಗೆ ಬಂದು ನಿಂತಳು.

ಮರುದಿನ ಅವಳು ಕಟ್ಟೆಗೆ ಹೋಗಿ ಕೂತಳು. ಕೂತವರು ಜರುಗಿ ಜಾಗ ಕೊಟ್ಟರು. "ಒರತೆ ಇಳಿಸೋದು ಬೇಡ," ಅಂದಳು.

"ಇಷ್ಟು ಬಾಯಿ ಆಗಲಿ ಅಂದಿವೆ, ಒಂದು ಬಾಯಿ ಬೇಡ ಅಂದಿದೆ," ಎಂದ ಯಜಮಾನ. "ಕಟ್ಟೆಯ ಮಾತು ಮುರಿಯೋದು ಹೇಗೆ ತಾಯಿ?"

ಅವಳು ಅವನನ್ನು ಬಿಟ್ಟು ಗಂಧದಯ್ಯನ ಕಡೆ ತಿರುಗಿದಳು. "ಅಯ್ಯಾ, ಕೊಳದ ಬೀದಿಯ ಅಂಗಳಗಳಲ್ಲಿ ನೀವು ಕೊನೆಗೆ ಮೂಸಿದ್ದು ಯಾವಾಗ?"

ಗಂಧದಯ್ಯನ ಮುಖ ಕೆಳಗಾಯಿತು. ಕೊಳದ ಬೀದಿಯಲ್ಲಿ ಅವನು ನಿಂತು ಮೂಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಹಳೆಯ ಮನೆಗಳು, ಪರಿಚಯದ ಬಾಗಿಲುಗಳು. ನೂಲು ಮಾಸಿದರೆ ಹೊಸದು ಕಟ್ಟಿ ಮುಂದೆ ಹೋಗುತ್ತಿದ್ದ. "ಇವತ್ತು ಮೂಸ್ತೀನಿ," ಅಂದ.

ಅಂದು ಸಂಜೆ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು, ಕವಳಿಯ ಪರಿಮಳ ಕೊಳದ ಬೀದಿಗೆ ಇಳಿಯಲಿಲ್ಲ. ಗಂಧದಯ್ಯ ಒಂದೊಂದು ಬಾಗಿಲಿಗೂ ನಿಂತ, ಕಣ್ಣು ಮುಚ್ಚಿದ, ಉಸಿರು ಎಳೆದುಕೊಂಡ. ಒಣಎಲೆಯ ವಾಸನೆ, ಕೆಸರಿನ ವಾಸನೆ. ಒಂದೊಂದೇ ನೂಲು ಬಿಚ್ಚಿದ. ಯಜಮಾನನ ಬಾಗಿಲಲ್ಲಿ ಬಹಳ ಹೊತ್ತು ನಿಂತ. ಅದನ್ನೂ ಬಿಚ್ಚಿದ.

ಬೆಳಿಗ್ಗೆ ಕಾಲುವೆ ತೋಡುವವರು ಗುದ್ದಲಿ ಹೊತ್ತು ಒರತೆಯ ಬಳಿಗೆ ಬಂದರು, ಮುಂದೆ ಯಜಮಾನ. ಮೇಲಿನವರು ಒರತೆಯ ಸುತ್ತ ಅಡ್ಡ ನಿಂತಿದ್ದರು. ಅಗೆಯಿರಿ ಎನ್ನಲು ಯಜಮಾನ ಬಾಯಿ ತೆರೆದ, ದನಿ ಬರಲಿಲ್ಲ. ಬೇಡ ಎನ್ನಲು ಮೇಲಿನವರಿಗೂ ದನಿಯಿಲ್ಲ. ಮಾತಿಲ್ಲದ ಜಗಳ ಕೈಯಿಂದಲೇ ಶುರುವಾಗುತ್ತದೆ. ಒಬ್ಬ ಗುದ್ದಲಿ ಎತ್ತಿದ. ಎದುರಿಗಿದ್ದ ಗಾಣದವನು, ಸುಣ್ಣದವಳ ಪಕ್ಕದ ಮನೆಯವನು, ಬುರುಡೆ ಗಾತ್ರದ ಕಲ್ಲು ಎತ್ತಿದ.

ಇಡೀ ಊರಿನಲ್ಲಿ ಮಾತು ಇದ್ದದ್ದು ಈಗ ಒಂದೇ ಮನೆಗೆ. ಮೇಲಿನವರೆಲ್ಲ ಸುಣ್ಣದವಳ ಕಡೆ ನೋಡಿದರು. ಅವರ ಕೈಗಳು ಅವಸರದಲ್ಲಿ ಆಡುತ್ತಿದ್ದವು: ಬೈಯಿ, ಓಡಿಸು, ನಮ್ಮ ಬಾಯಲ್ಲಿ ಇದ್ದದ್ದನ್ನೆಲ್ಲ ಹೇಳು. ಅವಳ ಬಾಯಿಯ ತುದಿಗೂ ಅದೇ ಬಂದಿತ್ತು. ಆಗ ಯಜಮಾನನ ಗಂಟಲು ನೋಡಿದಳು. ಗಂಟಲಮಣಿ ಏರುತ್ತಿತ್ತು, ಇಳಿಯುತ್ತಿತ್ತು, ಒಂದು ಪದವೂ ಬರುತ್ತಿರಲಿಲ್ಲ. ಅವನ ಕಣ್ಣು ಎತ್ತಿದ ಕಲ್ಲಿನ ಮೇಲಿತ್ತು. ಆ ಗಂಟಲು ಅವಳಿಗೆ ಗೊತ್ತಿತ್ತು. ಗಾಡಿ ಹೊರಟಾಗ ತನ್ನದೂ ಹಾಗೇ ಇತ್ತು.

"ಕಲ್ಲು ಇಳಿಸಿ," ಅಂದಳು. "ಗುದ್ದಲಿ ಇಳಿಸಿ. ಎಲ್ಲರೂ ನಮ್ಮನೆಗೆ ಬನ್ನಿ."

ಯಾರೂ ಕದಲಲಿಲ್ಲ.

"ನಾನು ಕರೀತಾ ಇದ್ದೀನಿ. ನಮ್ಮ ಬಾಗಿಲಲ್ಲಿ ನೂಲಿದೆ. ಅತಿಥಿಗೆ ಮಾತು ಉಂಟು. ಬಂದು ಅಲ್ಲಿ ಜಗಳ ಆಡಿ."

ಮೊದಲು ಬಂದವನು ಯಜಮಾನ. ಅವನ ಹಿಂದೆ ಗಾಣದವನು. ಅವರ ಹಿಂದೆ ಗುದ್ದಲಿಗಳು, ಮುದುಕರು, ಸೊಂಟದ ಮೇಲೆ ಕೂಸು ಹೊತ್ತವರು. ಮುಂಗೋಡೆಯ ನಡುವಿನ ದಾರಿಯಿಂದ ಒಳಗೆ ಬಂದು, ಕವಳಿಯ ಪರಿಮಳದಲ್ಲಿ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತರು. ಗಾಣದವನು ಹೊತ್ತು ತಂದಿದ್ದ ಕಲ್ಲನ್ನು ಕೆಳಗಿಟ್ಟು ಅಂದ: "ನನ್ನ ಹೆಂಡತಿ ಬಾಣಂತಿ. ನೀವು ಕಳಿಸೋ ಕೊಡಕ್ಕೆ ಕಾಯ್ತಾ ಕೂರಿಸಲಾ?"

"ನಿಮ್ಮನೇಲಿ ಬಾಣಂತಿ ಇದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ," ಎಂದ ಯಜಮಾನ.

"ಗೊತ್ತಾಗೋದು ಹೇಗೆ? ಹೇಳೋದು ಹೇಗೆ?"

ಯಜಮಾನ ಬೇಲಿಯ ಬುಡದ ಚಪ್ಪಡಿಯ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಇನ್ನೊಬ್ಬರು ಬಾಯಿ ತೆರೆದಿದ್ದರು, ಮತ್ತೊಬ್ಬರು. ಎಷ್ಟೋ ವರ್ಷದ ಮಾತು. ಒರತೆಯ ಮಾತು, ಹಳೆಯ ಅವಮಾನದ ಮಾತು, ಸತ್ತವರ ಮಾತು, ಒಂದು ಆಡಿನ ಮಾತು. ಕೂಗಾಡಿದರು, ಅತ್ತರು, ಒಬ್ಬರ ಮಾತನ್ನು ಒಬ್ಬರು ತುಂಡರಿಸಿದರು. ಹೊತ್ತು ನೆತ್ತಿಗೆ ಬರುವಾಗ ಯಜಮಾನ ತಾನೇ ಎದ್ದು, ಗುದ್ದಲಿ ತಂದವರಿಗೆ ಮನೆಗೆ ಹೋಗಲು ಹೇಳಿದ. ಒರತೆ ಇದ್ದಲ್ಲೇ ಉಳಿಯಿತು.

ಹೋಗುವ ಮೊದಲು ಅವನು ಒಂದು ಗೊಂಚಲಿಗೆ ಮೂಗು ಕೊಟ್ಟು ಕೇಳಿದ: "ಈ ಗಿಡ ನಮಗೂ ಕೊಡ್ತೀರಾ?"

"ಗಿಡ ಕಿತ್ತರೆ ಬರೋದಿಲ್ಲ. ಇದು ಕಾಯಾಗಬೇಕು, ಕಾಯಿ ಹಣ್ಣಾಗಬೇಕು. ಮಳೆ ಹೊತ್ತಿಗೆ ಬಂದು ಬೀಜ ತಗೊಂಡು ಹೋಗಿ. ಹೂ ಬಿಡೋಕೆ ಇನ್ನೂ ಕೆಲವು ವರ್ಷ ಆಗ್ತದೆ."

"ಅಲ್ಲೀವರೆಗೆ?"

"ಅಲ್ಲೀವರೆಗೆ ಇಲ್ಲೇ ಬಂದು ಮಾತಾಡಿ."

ಅವಳು ಅದನ್ನು ಸಲೀಸಾಗಿ ಹೇಳಿದ್ದಳು. ಜನ ನಿಜವಾಗಿಯೂ ಬಂದರು. ಹೊಟ್ಟೆನೋವಿಗೆ ಮದ್ದು ಕೇಳಲು ಬಂದರು, ಹೆಣ್ಣು ಕೇಳಲು ಬಂದರು, ಏನೂ ಇಲ್ಲದೆ ಸುಮ್ಮನೆ ಬಂದರು. ಅಂಗಳ ಚಿಕ್ಕದು. ಹಿಂದಿನವರು ತಳ್ಳಿದರೆ ಮುಂದಿನವರು ಬೀದಿಗೆ ಬೀಳುತ್ತಿದ್ದರು, ಬಿದ್ದವರ ಮಾತು ಅರ್ಧಕ್ಕೇ ನಿಂತುಹೋಗುತ್ತಿತ್ತು. ಒಂದು ದಿನ ಕಥೆ ಹೇಳುತ್ತಿದ್ದ ಮುದುಕನೊಬ್ಬ ಕಥೆ ಮುಗಿಯುವ ಹೊತ್ತಿಗೆ ಸರಿಯಾಗಿ ಮುಂಗೋಡೆಯಾಚೆ ಹೋಗಿಬಿಟ್ಟ. ಕೇಳುತ್ತಿದ್ದವರು ತೋಳು ಹಿಡಿದು ಅವನನ್ನು ಒಳಗೆ ಎಳೆಯಬೇಕಾಯಿತು.

ಅದನ್ನು ನೋಡಿ ಗಂಡ ಹಾರೆ ತೆಗೆದುಕೊಂಡ. ಕಾಲು ಚಾಚಿ ಅಂಗಳದ ಮುಂಗೋಡೆಯ ಬುಡದಲ್ಲಿ ಕೂತ. ಸುಣ್ಣದವಳು ವರ್ಷವರ್ಷವೂ ಬಳಿದು ಬೆಳ್ಳಗಿಟ್ಟಿದ್ದ ಗೋಡೆ.

"ಒಡೆಯಲಾ?" ಎಂದು ಕೇಳಿದ.

"ಒಡೀರಿ," ಅಂದಳು ಅವಳು.

ಅವನು ಒಡೆದ. ಗಾಣದವನು ಕೈಹಾಕಿದ. ಕೆಳಗಿನಿಂದ ಬಂದವರು ಕಲ್ಲು ಎತ್ತಿ ಪಕ್ಕಕ್ಕೆ ಜೋಡಿಸಿದರು. ಬೀದಿಯೂ ಅದೇ ಸುಣ್ಣದ ನೆಲ, ಅಂಗಳವೂ ಅದೇ. ಗೋಡೆ ಹೋದ ಮೇಲೆ ಎರಡೂ ಒಂದರೊಳಗೊಂದು ಹರಿದವು.

ಸಂಜೆ ಗಂಧದಯ್ಯ ಬಂದ. ನೂಲು ಚಿಲಕದಲ್ಲೇ ಇತ್ತು, ಪರಿಮಳವೂ ಇತ್ತು. ಅವನು ನೆಲ ನೋಡುತ್ತ ಅತ್ತ ಸ್ವಲ್ಪ ನಡೆದ, ಇತ್ತ ಸ್ವಲ್ಪ ನಡೆದ. ಕೊನೆಗೆ ಬಂದು ಕೇಳಿದ: "ನಿಮ್ಮ ಅಂಗಳ ಎಲ್ಲಿಗೆ ಮುಗೀತದೆ?"

ಗಂಡ ಹಾರೆಯ ಧೂಳು ಒರೆಸುತ್ತಿದ್ದ. "ಗೋಡೆ ಇದ್ದಾಗ ಗೊತ್ತಿತ್ತು ಅಯ್ಯಾ," ಅಂದ. "ಈಗ ನಮಗೂ ಗೊತ್ತಾಗ್ತಾ ಇಲ್ಲ."

ಗಂಧದಯ್ಯ ಸುಣ್ಣದವಳ ಮುಖ ನೋಡಿದ. ಅವಳು ಬೀದಿಯ ಕಡೆ ಕೈ ತೋರಿಸಿದಳು. ಜನ ಮನೆಗೆ ಹೊರಟಿದ್ದರು. ಯಜಮಾನ ಮತ್ತು ಗಾಣದವನು ಯಾವುದೋ ಮಾತಿಗೆ ಜೋರಾಗಿ ವಾದ ಮಾಡುತ್ತ, ಇಳಿಜಾರು ಇಳಿದು, ತಿರುವು ದಾಟಿ, ಮಾತು ನಿಲ್ಲಿಸದೆ ಕೊಳದವರೆಗೂ ಹೋದರು.